ಗೋಡೆ ಎಲ್ಲರದು, ನಷ್ಟ ಯಾರದು?

ನಿವೇಶನ ಕೊಂಡು ಮನೆ ಕಟ್ಟಿಸಿದವರಿಗೆ ಪಾಯದಿಂದ ತಾರಸಿಯವರೆಗೆ ಎಲ್ಲವೂ ಸ್ವಂತ. ಫ್ಲ್ಯಾಟ್ ಕೊಂಡವರ ಸ್ಥಿತಿ ಬೇರೆ. ಬಾಗಿಲೊಳಗಿನದು ಅವರದು, ಪಾಯ, ಕಂಬ, ಮೆಟ್ಟಿಲು, ಲಿಫ್ಟ್ ಎಲ್ಲರದು. ಹಾಗಾದರೆ ಕಟ್ಟಡಕ್ಕೆ ಬೆಂಕಿ ಬಿದ್ದರೆ ನಷ್ಟ ತುಂಬಿಕೊಡುವವರು ಯಾರು?

ಮನೆ ವಿಮೆ ಹುಟ್ಟಿದಾಗ ಈ ಗೊಂದಲವಿರಲಿಲ್ಲ. 1666ರ ಸೆಪ್ಟೆಂಬರ್ 2ರಂದು ಲಂಡನ್ನಿನ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ಸುಮಾರು 13,200 ಮನೆಗಳನ್ನು ಸುಟ್ಟಿತು. ವೈದ್ಯಕೀಯ ಓದಿ ಕಟ್ಟಡ ನಿರ್ಮಾಣಕ್ಕೆ ಇಳಿದಿದ್ದ ನಿಕೊಲಸ್ ಬಾರ್ಬನ್ 1680ರ ಸುಮಾರಿಗೆ ಅಗ್ನಿವಿಮೆಯ ಕಚೇರಿ ತೆರೆದ. ಇಟ್ಟಿಗೆ ಮನೆಗೆ ವಾರ್ಷಿಕ ಬಾಡಿಗೆಯ ಶೇ 2.5ರಷ್ಟು ಕಂತು, ಮರದ ಮನೆಗೆ ಶೇ 5. ವಿಮೆ ಮಾಡಿಸಿದ ಮನೆಗಳ ಗೋಡೆಗೆ ಕಂಪನಿಗಳು ಲೋಹದ ಫಲಕ ಹೊಡೆಯುವ ರೂಢಿಯೂ ಬಂತು. ಒಂದು ಮನೆ, ಒಬ್ಬ ಮಾಲೀಕ, ಒಂದು ಪಾಲಿಸಿ. ಲೆಕ್ಕ ಸರಳವಾಗಿತ್ತು.

ಬಹುಮಹಡಿ ಕಟ್ಟಡ ಈ ಲೆಕ್ಕವನ್ನು ಕೆಡಿಸಿತು. ಅಮೆರಿಕದಲ್ಲಿ ಫ್ಲ್ಯಾಟುಗಳ ಇಂಥ ಒಡೆತನಕ್ಕೆ 'ಕಂಡೊಮಿನಿಯಮ್' ಎಂದು ಹೆಸರು. ಲ್ಯಾಟಿನ್ ಮೂಲದ ಈ ಪದದ ಅರ್ಥ ಜಂಟಿ ಒಡೆತನ. 1958ರಲ್ಲಿ ಪೋರ್ಟೊರಿಕೊ ಇದಕ್ಕೆ ಕಾನೂನು ಮಾಡಿತು. 1960ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಅದೇ ದಾರಿ ಹಿಡಿದವು. ನಮ್ಮಲ್ಲಿ ಮಹಾರಾಷ್ಟ್ರ 1970ರಲ್ಲಿ, ಕರ್ನಾಟಕ 1972ರಲ್ಲಿ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ತಂದವು.

ಕರ್ನಾಟಕದ ಕಾಯ್ದೆಯಲ್ಲಿ ವಿಮೆಗೂ ಜಾಗವಿದೆ. ಉಪವಿಧಿಯಲ್ಲಿದ್ದರೆ ಅಥವಾ ಬಹುಮತದ ಮಾಲೀಕರು ಕೇಳಿದರೆ ಸಂಘವು ಇಡೀ ಕಟ್ಟಡಕ್ಕೆ ವಿಮೆ ಮಾಡಿಸಬೇಕು. ಪ್ರತಿ ಮಾಲೀಕನೂ ತನ್ನ ಫ್ಲ್ಯಾಟಿಗೆ ಬೇರೆ ವಿಮೆ ಪಡೆಯಬಹುದು. ತೊಡಕಿರುವುದು 'ಕೇಳಿದರೆ' ಎಂಬಲ್ಲಿ. ಸಂಘ ಮಾಡಿಸಿರಬಹುದೆಂದು ಮಾಲೀಕ, ಮಾಲೀಕರೇ ಮಾಡಿಸಿರಬಹುದೆಂದು ಸಂಘ ಸುಮ್ಮನಿದ್ದರೆ ಕಟ್ಟಡಕ್ಕೆ ರಕ್ಷಣೆಯೇ ಇರುವುದಿಲ್ಲ.

ವಿಮೆ ಇದ್ದರೂ ಸಾಲದೆಂಬುದಕ್ಕೆ ಫ್ಲಾರಿಡಾದ ಸರ್ಫ್‌ಸೈಡ್ ಸಾಕ್ಷಿ. 1981ರಲ್ಲಿ ಕಟ್ಟಿದ್ದ ಅಲ್ಲಿನ 12 ಮಹಡಿಗಳ ವಸತಿ ಕಟ್ಟಡವೊಂದು 2021ರ ಜೂನ್ 24ರ ನಸುಕಿನಲ್ಲಿ ಭಾಗಶಃ ಕುಸಿದು 98 ಜನ ಸತ್ತರು. ಕಾಂಕ್ರೀಟು ಹಾಳಾಗಿದೆಯೆಂದು ಎಂಜಿನಿಯರ್ 2018ರಲ್ಲೇ ವರದಿ ಕೊಟ್ಟಿದ್ದರು. ದುರಸ್ತಿಗೆ ಹಣ ಹೊಂದಿಸುವ ಚರ್ಚೆಯಲ್ಲೇ ವರ್ಷಗಳು ಕಳೆದಿದ್ದವು. ಸಂಘದ ವಿಮೆ ಸುಮಾರು 5 ಕೋಟಿ ಡಾಲರ್ ಮಾತ್ರ. 2022ರಲ್ಲಿ ನ್ಯಾಯಾಲಯದ ಮುಂದೆ ಇತ್ಯರ್ಥವಾದ ಪರಿಹಾರ 100 ಕೋಟಿ ಡಾಲರ್ ದಾಟಿತು. ಅದರ ಬಹುಪಾಲನ್ನು ಭರಿಸಿದವರು ಮೊಕದ್ದಮೆಗೆ ಒಳಗಾದ ಇತರರು ಮತ್ತು ಅವರ ವಿಮಾ ಕಂಪನಿಗಳು.

ಭಾರತದಲ್ಲಿ 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಭೂಕಂಪ, ಪ್ರವಾಹ ಇದರ ವ್ಯಾಪ್ತಿಗೆ ಬರುತ್ತವೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆಯುಂಟು. ಆದರೆ ಕಟ್ಟಡದ ಲೆಕ್ಕ ಹಾಕುವುದು ಮತ್ತೆ ಕಟ್ಟಲು ತಗಲುವ ವೆಚ್ಚದ ಮೇಲೆ. ಫ್ಲ್ಯಾಟಿನ ಮಾರುಕಟ್ಟೆ ಬೆಲೆಯ ಮೇಲಲ್ಲ.

ಸಂಘದ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಬಹುದು: ಇಡೀ ಕಟ್ಟಡದ ಪಾಲಿಸಿ ಇದೆಯೇ? ಅದರ ಮೊತ್ತ ಮತ್ತೆ ಕಟ್ಟಲು ಸಾಕೇ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ.