ಒಂದೇ ಮಾತ್ರೆ, ಹಲವು ಹೆಸರು

ಮೊನ್ನೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ 'ಇಮಾಟಿನಿಬ್' ಅಂತ ಟೈಪ್ ಮಾಡಿ, "ಸಾರ್, ಹಳೇದು ಏನೂ ಸಿಗ್ತಿಲ್ಲ" ಅಂದಳು. ನನಗೆ ನಗು ಬಂತು. ಹೆಸರು ಹಾಕಿ ಹುಡುಕಿದರೆ ಸಿಗೋದಾಗಿದ್ದರೆ ನಾನು ಇಷ್ಟು ವರ್ಷ ನೋಯ್ಡಾದಲ್ಲಿ ಹೊಟ್ಟೆ ಹೊರೆಯೋದು ಹೇಗೆ?

ನನ್ನ ಕೆಲಸವೇ ಅದು. ಯಾರೋ ಹೊಸದು ಅಂದದ್ದನ್ನು ಮೊದಲೇ ಬೇರೆ ಯಾರಾದರೂ ಬರೆದಿಟ್ಟಿದ್ದಾರಾ ಅಂತ ಹಳೆಯ ಪೇಟೆಂಟುಗಳಲ್ಲಿ ಹುಡುಕುವುದು. ಡಿಎನ್‌ಎ ಆದರೆ ಪರವಾಗಿಲ್ಲ. ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರಗಳ ಸಾಲು. 1990ರಲ್ಲಿ ಬಂದ 'ಬ್ಲಾಸ್ಟ್' ಅನ್ನೋ ತಂತ್ರಾಂಶ ಸಾಲಿಗೆ ಸಾಲು ಜೋಡಿಸಿ ಎಷ್ಟು ಪಾಲು ಒಂದೇ ಥರ ಇದೆ ಅಂತ ಹೇಳಿಬಿಡುತ್ತೆ. ತಲೆನೋವು ಇರೋದು ಒಂಚೂರು ಮಾರ್ಪಡಿಸಿದ ರಾಸಾಯನಿಕ ಅಣುಗಳಲ್ಲಿ. ಅಲ್ಲಿ ಅಣುವಿನ ಚಿತ್ರ ಬರೆದು ಹುಡುಕಬೇಕು.

ಈ ಇಮಾಟಿನಿಬ್ ರಕ್ತದ ಕ್ಯಾನ್ಸರಿನ ಒಂದು ಬಗೆಗೆ, ಸಿಎಂಎಲ್‌ಗೆ, ಕೊಡುವ ಮಾತ್ರೆ. ಹಾವೇರಿ ಕಡೆಯ ನಮ್ಮ ಪರಿಚಯದವರೊಬ್ಬರು ಏಮ್ಸ್‌ಗೆ ತೋರಿಸೋಕೆ ಬಂದು ನಮ್ಮನೆಯಲ್ಲೇ ಉಳಿದಿದ್ದರು. ಕಾಯಿಲೆ ಹೆಸರು ಕೇಳಿ ಅವರು ಅಷ್ಟು ಹೆದರಲಿಲ್ಲ, "ತಿಂಗಳಿಗೆ ಎಷ್ಟಾಗತ್ತೆ?" ಅಂತ ಮೆಲ್ಲಗೆ ಕೇಳಿದರು. ಆಗ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನಮ್ಮ ದೇಶದ ಕಂಪನಿಗಳದ್ದು ಎಂಟು-ಹತ್ತು ಸಾವಿರ. ಪೇಟೆಂಟ್ ಸಿಕ್ಕಿಬಿಟ್ಟರೆ ಈ ಎರಡನೆಯದು ಅಂಗಡಿಯಲ್ಲಿ ಇರದೇ ಹೋಗಬಹುದಿತ್ತು.

ಕಂಪನಿ 1998ರಲ್ಲಿ ಚೆನ್ನೈನಲ್ಲಿ ಅರ್ಜಿ ಹಾಕಿತ್ತು. ಆಗ ಔಷಧಿ ವಸ್ತುವಿಗೆ ಪೇಟೆಂಟ್ ಕೊಡುವ ಕಾನೂನೇ ನಮ್ಮಲ್ಲಿರಲಿಲ್ಲ, ಅರ್ಜಿ 2005ರವರೆಗೆ ಪೆಟ್ಟಿಗೆಯಲ್ಲೇ ಕೂತಿತ್ತು. ಕಾನೂನು ಬಂತು, ಜೊತೆಗೆ 3(ಡಿ) ಅನ್ನೋ ಕಲಮೂ ಬಂತು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮ ಹೆಚ್ಚಿದೆ ಅಂತ ತೋರಿಸಬೇಕು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕಾರವಾಯ್ತು. ಜಗಳ ಮುಂದುವರಿದು, ನಮ್ಮ ಆಫೀಸಿನಿಂದ ಯಮುನೆ ದಾಟಿದರೆ ಸಿಗುವ ಸುಪ್ರೀಂ ಕೋರ್ಟಿಗೆ ಬಂತು.

ಕೇಳಿದ್ದು ಇಮಾಟಿನಿಬ್ ಮೆಸಿಲೇಟ್ ಅನ್ನೋ ಲವಣದ 'ಬೀಟಾ' ಹರಳಿಗೆ. ಅಣು ಅದೇ, ಹರಳಿನೊಳಗೆ ಜೋಡಿಸಿಕೊಂಡ ರೀತಿ ಬೇರೆ. (ಸಕ್ಕರೆ-ಕಲ್ಲುಸಕ್ಕರೆ ಅನ್ನೋಣವೆಂದರೆ ಕೆಮಿಸ್ಟ್ರಿ ಮೇಷ್ಟ್ರು ಬೈತಾರೆ, ಬಿಡಿ.) ಹಾಗಾದರೆ ಆ ಲವಣ ಮೊದಲೇ ಗೊತ್ತಿತ್ತಾ? ಅಲ್ಲೇ ಇತ್ತು ಮಜಾ. 1994ರಲ್ಲಿ ಅರ್ಜಿ ಹಾಕಿ 1996ರಲ್ಲಿ ಅಮೆರಿಕದಲ್ಲಿ ಸಿಕ್ಕ ಜಿಮ್ಮರ್‌ಮನ್ ಪೇಟೆಂಟಿನಲ್ಲಿ 'ಇಮಾಟಿನಿಬ್' ಅನ್ನೋ ಪದವೇ ಇಲ್ಲ! ಎರಡು ಸಾಲು ಉದ್ದದ ರಾಸಾಯನಿಕ ಹೆಸರಿದೆ, 'ಮತ್ತು ಅದರ ಲವಣಗಳು' ಅಂತಿದೆ, ಲವಣ ಮಾಡಬಲ್ಲ ಆಮ್ಲಗಳ ಪಟ್ಟಿಯಲ್ಲಿ ಮೀಥೇನ್‌ಸಲ್ಫೋನಿಕ್ ಆಮ್ಲವೂ ಇದೆ. ಅದರ ಲವಣವೇ ಮೆಸಿಲೇಟ್. 1996ರ ವೈದ್ಯಕೀಯ ಲೇಖನಗಳಲ್ಲಿ ಇದರ ಹೆಸರು ಸಿಜಿಪಿ 57148. ಆಮೇಲೆ ಎಸ್‌ಟಿಐ 571.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕಂಪನಿಯದೇ ಕಾಗದ. 2001ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅವಧಿ ವಿಸ್ತರಿಸಿ ಅಂತ ಕೇಳುವಾಗ, ಈ ಔಷಧಿ ಜಿಮ್ಮರ್‌ಮನ್ ಪೇಟೆಂಟಿನೊಳಗೇ ಬರುತ್ತೆ ಅಂತ ಅವರೇ ಬರೆದುಕೊಟ್ಟಿದ್ದರು. ಇಲ್ಲಿ ಮಾತ್ರ, ಒಳಗೆ ಬರುವುದು ಬೇರೆ, ಬಿಡಿಸಿ ಹೇಳಿರುವುದು ಬೇರೆ ಅನ್ನೋ ವಾದ. ವಾದದಲ್ಲಿ ತಿರುಳಿಲ್ಲ ಅಂತ ನಾನು ಹೇಳಲ್ಲ, ನಮ್ಮ ವೃತ್ತಿಯಲ್ಲಿ ಆ ವ್ಯತ್ಯಾಸ ದಿನಾ ಎದುರಾಗುತ್ತೆ. ಆದರೆ ಕೋರ್ಟು ಒಪ್ಪಲಿಲ್ಲ. ದೇಹ ಹೀರಿಕೊಳ್ಳುವುದು ಶೇ. 30 ಹೆಚ್ಚು ಅಂತ ತೋರಿಸಿದ್ದೂ ಲವಣವಾಗುವ ಮೊದಲಿನ ಮೂಲ ಅಣುವಿಗೆ ಹೋಲಿಸಿ. ರೋಗ ಗುಣಪಡಿಸುವ ಶಕ್ತಿ ಹೆಚ್ಚಿದ್ದಕ್ಕೆ ಪುರಾವೆ ಇರಲಿಲ್ಲ.

2013ರ ಏಪ್ರಿಲ್ 1ರಂದು ತೀರ್ಪು ಬಂತು. ಸಂಜೆ ಹಾವೇರಿಗೆ ಫೋನ್ ಮಾಡಿ ಬೀಟಾ, ಲವಣ ಅಂತ ವಿವರಿಸೋಕೆ ಹೊರಟೆ. ಅವರು ನಡುವೆ ತಡೆದು, "ಗುಳಿಗಿ ರೇಟು ಏರೂದಿಲ್ಲ ಹೌದಿಲ್ಲೋ?" ಅಂದರು.

ಏರೋದಿಲ್ಲ ಅಂದೆ. ಆಮೇಲೆ ಮಳೆ-ಬೆಳೆ ಮಾತಾಡಿದೆವು.