ನಾಣ್ಯದ ಮೇಲಿನ ತಪ್ಪು: ಅದು ಆಗುವುದು ಹೇಗೆ?

ಟಿಪ್ಪು ಸುಲ್ತಾನರ ಆಳ್ವಿಕೆಯ ಕೆಲವು ನಾಣ್ಯಗಳ ಮೇಲಿರುವ ಇಸವಿಯನ್ನು ಓದಿದರೆ 6121 ಎಂಬ ಅಂಕಿ ಸಿಗುತ್ತದೆ. ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದದ್ದು 1799ರ ಮೇ 4ರಂದು. ಹಿಜರಿ ಲೆಕ್ಕದಲ್ಲಿ ಅದು 1213ನೇ ವರ್ಷ. ಹಾಗಿದ್ದರೆ ಈ 6121 ಎಲ್ಲಿಂದ ಬಂತು? ಅಚ್ಚು ಕೆತ್ತಿದವನ ಕೈತಪ್ಪೇ? ಇದಕ್ಕೆ ಉತ್ತರ ಹೇಳಬೇಕಾದರೆ ನಾಣ್ಯಗಳಲ್ಲಿ ತಪ್ಪುಗಳು ಹೇಗೆ ಆಗುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

ನಾಣ್ಯ ತಯಾರಾಗಲು ಮೂರು ಹಂತಗಳಿವೆ. ಲೋಹವನ್ನು ನಿಗದಿತ ತೂಕದ ಬಿಲ್ಲೆಗಳನ್ನಾಗಿ ಮಾಡುವುದು ಮೊದಲನೆಯದು. ಅಕ್ಷರ ಮತ್ತು ಚಿತ್ರಗಳನ್ನು ಅಚ್ಚಿನಲ್ಲಿ ತಿರುಗುಮುರುಗಾಗಿ ಕೆತ್ತುವುದು ಎರಡನೆಯದು. ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಮುದ್ರೆ ಒತ್ತುವುದು ಮೂರನೆಯದು. ಯಂತ್ರಗಳು ಬರುವ ಮೊದಲು ಈ ಕೊನೆಯ ಕೆಲಸ ಸುತ್ತಿಗೆಯ ಏಟಿನಿಂದಲೇ ಆಗುತ್ತಿತ್ತು. ಈ ಮೂರರಲ್ಲಿ ಯಾವ ಹಂತದಲ್ಲಿ ಬೇಕಾದರೂ ತಪ್ಪು ನುಸುಳಬಹುದು.

ಬಿಲ್ಲೆಯ ತಪ್ಪು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ತಾಮ್ರದ ಅಗತ್ಯ ಹೆಚ್ಚಾಯಿತು. ಹಾಗಾಗಿ 1943ರಲ್ಲಿ ಅಲ್ಲಿನ ಒಂದು ಸೆಂಟ್ ನಾಣ್ಯವನ್ನು ಸತುವಿನ ಲೇಪವಿರುವ ಉಕ್ಕಿನಿಂದ ಮಾಡಿದರು. ಆದರೆ ಹಿಂದಿನ ವರ್ಷದ ಕೆಲವೇ ಕೆಲವು ಕಂಚಿನ ಬಿಲ್ಲೆಗಳು ಹೇಗೋ ಉಳಿದುಕೊಂಡು, ಹೊಸ ಬಿಲ್ಲೆಗಳ ಜೊತೆ ಸೇರಿ ಅಚ್ಚಿಗೆ ಸಿಕ್ಕವು. ಇಂದು ಅವು ಭಾರೀ ಬೆಲೆ ಬಾಳುತ್ತವೆ. ಆಸೆಗೆ ಬಿದ್ದ ಕೆಲವರು ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಹಚ್ಚಿ ಮಾರಿದ್ದೂ ಉಂಟು. ಒಂದು ಅಯಸ್ಕಾಂತವನ್ನು ಹತ್ತಿರ ತಂದರೆ ಸಾಕು, ಮೋಸ ಬಯಲಾಗುತ್ತದೆ. ಉಕ್ಕು ಅಂಟುತ್ತದೆ, ಕಂಚು ಅಂಟುವುದಿಲ್ಲ.

ಅಚ್ಚಿನ ತಪ್ಪು

ಅಚ್ಚಿನ ತಪ್ಪಿಗೆ ಇಸ್ಲಾಮೀ ಇತಿಹಾಸದೊಂದಿಗೆ ನಂಟಿರುವ ಒಂದು ಸ್ವಾರಸ್ಯಕರ ಉದಾಹರಣೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಮರ್ಸಿಯಾ ಎಂಬ ರಾಜ್ಯವನ್ನು ಆಳಿದ ಕ್ರೈಸ್ತ ದೊರೆ ಆಫಾನ ಚಿನ್ನದ ನಾಣ್ಯವದು. ಅಬ್ಬಾಸೀ ಖಲೀಫ ಅಲ್ ಮನ್ಸೂರ್‌ರ ಹಿಜರಿ 157ರ ದೀನಾರನ್ನು ಮುಂದಿಟ್ಟುಕೊಂಡು ಅದನ್ನು ಕೆತ್ತಲಾಗಿದೆ. ಅದರ ಮೇಲೆ ಅಲ್ಲಾಹನ ಏಕತ್ವವನ್ನು ಸಾರುವ ಅರಬಿ ವಚನವಿದೆ, ನಡುವೆ ಆಫಾನ ಹೆಸರು ಲ್ಯಾಟಿನ್ ಲಿಪಿಯಲ್ಲಿದೆ. ಆದರೆ ಅರಬಿಯನ್ನು ನೆಟ್ಟಗೆ ಹಿಡಿದರೆ ದೊರೆಯ ಹೆಸರು ತಲೆಕೆಳಗಾಗಿ ಕಾಣುತ್ತದೆ. ಅರಬಿ ಅಕ್ಷರಗಳಲ್ಲೂ ತಪ್ಪುಗಳಿವೆ. ಕೆತ್ತಿದವನಿಗೆ ಅರಬಿ ಬಾರದು, ಅವನಿಗೆ ಅದು ಬರೀ ಚಿತ್ತಾರ ಎಂಬುದು ಇದರಿಂದ ತಿಳಿಯುತ್ತದೆ. ಜೊತೆಗೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಬಗ್ದಾದಿನ ಖಲೀಫರ ದೀನಾರಿಗೆ ಆ ದೂರದ ನಾಡಿನಲ್ಲೂ ಅಷ್ಟೊಂದು ಮಾನ್ಯತೆಯಿತ್ತು. ನಾಣ್ಯ ತಪ್ಪಿಲ್ಲದೆ ಇದ್ದಿದ್ದರೆ ಇಷ್ಟು ಹೇಳುತ್ತಿರಲಿಲ್ಲ.

ಎರಡು ಅಚ್ಚುಗಳ ಜೋಡಿ ತಪ್ಪಿದರೂ ಎಡವಟ್ಟಾಗುತ್ತದೆ. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ವಿನ್ಯಾಸ ಬದಲಾಯಿತು. ಮೊದಲು ಹಿಂಬದಿಯಲ್ಲಿದ್ದ ಇಸವಿಯನ್ನು ರಾಣಿಯ ಚಿತ್ರವಿರುವ ಬದಿಗೆ ತಂದರು. ಆದರೆ ಒಂದು ಕಂತಿನಲ್ಲಿ ರಾಣಿಯ ಹಳೆಯ ಅಚ್ಚು ಮತ್ತು ಹಿಂಬದಿಯ ಹೊಸ ಅಚ್ಚು ಜೊತೆಯಾದವು. ಪರಿಣಾಮ, ಎರಡೂ ಬದಿಯಲ್ಲಿ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು. ಅವುಗಳ ಸಂಖ್ಯೆ 50,000ದಿಂದ 2,00,000 ಇರಬಹುದೆಂದು ಅಲ್ಲಿನ ಟಂಕಸಾಲೆಯೇ ಅಂದಾಜಿಸಿತು.

ಏಟಿನ ತಪ್ಪು

ಕೈಯಿಂದ ಮುದ್ರೆ ಒತ್ತುವಾಗ ಬಿಲ್ಲೆ ಸರಿದರೆ ಅರ್ಧ ಭಾಗ ಖಾಲಿ ಉಳಿಯುತ್ತದೆ. ಒಂದೇಟು ಸಾಲದೆಂದು ಇನ್ನೊಂದೇಟು ಹಾಕುವಾಗ ಬಿಲ್ಲೆ ಅಲುಗಿದರೆ ಅಕ್ಷರಗಳು ಜೋಡಿಯಾಗಿ ಮೂಡುತ್ತವೆ. ಇನ್ನೂ ವಿಚಿತ್ರವಾದದ್ದು ಒಂದಿದೆ. ಮುದ್ರೆಯಾದ ನಾಣ್ಯ ಕೆಲವೊಮ್ಮೆ ಮೇಲಿನ ಅಚ್ಚಿಗೇ ಅಂಟಿಕೊಳ್ಳುತ್ತದೆ. ಕೆಲಸಗಾರ ಅದನ್ನು ಗಮನಿಸದೆ ಮುಂದಿನ ಬಿಲ್ಲೆಯನ್ನು ಇಟ್ಟು ಹೊಡೆದರೆ, ಅಂಟಿದ ನಾಣ್ಯವೇ ಅಚ್ಚಿನಂತೆ ಕೆಲಸ ಮಾಡುತ್ತದೆ. ಆಗ ಹೊಸ ನಾಣ್ಯದ ಎರಡೂ ಬದಿಯಲ್ಲಿ ಒಂದೇ ಮುದ್ರೆ ಇರುತ್ತದೆ: ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತಗ್ಗಿ, ಕನ್ನಡಿಯಲ್ಲಿ ಕಂಡಂತೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂತ್ರವನ್ನು ನೆನಪಿಡಬಹುದು. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹೊಕ್ಕು, ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ನಾಣ್ಯ ಹೊರಬಂದ ಮೇಲೆ ಯಾರಾದರೂ ಗೀರಿದ್ದರೆ ಗೆರೆ ತಗ್ಗಾಗಿರುತ್ತದೆ. ಮೊದಲನೆಯದು ಟಂಕಸಾಲೆಯ ತಪ್ಪು, ಎರಡನೆಯದು ಬರೀ ಹಾನಿ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಮೊದಲು ಕಮಿಷನ್ ಕಟ್ಟಿಸಿಕೊಂಡು ವಂಚಿಸುವವರಿದ್ದಾರೆ. ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾವ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು.

6121ರ ಗುಟ್ಟು

ಈಗ ಸುಲ್ತಾನರ ನಾಣ್ಯಕ್ಕೆ ಬರೋಣ. 6121 ಮೇಲಿನ ಮೂರರಲ್ಲಿ ಯಾವ ಬಗೆಯ ತಪ್ಪು? ಯಾವುದೂ ಅಲ್ಲ!

ಅರಬಿ, ಪಾರ್ಸಿ ಬರಹ ಬಲದಿಂದ ಎಡಕ್ಕೆ ಸಾಗಿದರೂ ಅವುಗಳಲ್ಲಿ ಅಂಕಿಗಳನ್ನು ನಮ್ಮಂತೆಯೇ ದೊಡ್ಡ ಸ್ಥಾನ ಎಡಕ್ಕೆ ಬರುವಂತೆ ಬರೆಯುತ್ತಾರೆ. ಸುಮಾರು 1786-87ರಲ್ಲಿ ಟಿಪ್ಪು ಸುಲ್ತಾನರು ಹಿಜರಿಯ ಬದಲು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದರು. ಇದು ಪ್ರವಾದಿ ಮುಹಮ್ಮದ್(ಸ)ರ ಜನನದಿಂದ ಎಣಿಸುವ ಶಕೆ. ತಿಂಗಳು, ವರ್ಷಗಳ ಏರ್ಪಾಡು ಮಾತ್ರ ಈ ನಾಡಿನ ಅರವತ್ತು ಸಂವತ್ಸರಗಳ ಪಂಚಾಂಗವನ್ನು ಅನುಸರಿಸಿತ್ತು. ಈ ಶಕೆಯ ಅಂಕಿಗಳನ್ನು ಅಕ್ಷರಗಳಂತೆಯೇ ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯನ್ನು ಅವರು ಆರಂಭಿಸಿದರು. ಹಾಗಾಗಿ 1216 ನಮ್ಮ ಕಣ್ಣಿಗೆ 6121 ಆಗಿ ಕಾಣುತ್ತದೆ.

ಇದು ತಪ್ಪಲ್ಲ, ಕ್ರಮ ಎಂದು ಹೇಳುವುದು ಹೇಗೆ? ಕೈತಪ್ಪು ಒಂದು ಅಚ್ಚಿನಲ್ಲಿ ಆಗುತ್ತದೆ. ಆ ಅಚ್ಚು ಸವೆದು ಹೋದಾಗ ತಪ್ಪೂ ಹೋಗುತ್ತದೆ. ಆದರೆ ಈ ಬರವಣಿಗೆ ಶ್ರೀರಂಗಪಟ್ಟಣ, ನಗರ ಮೊದಲಾದ ಬೇರೆ ಬೇರೆ ಟಂಕಸಾಲೆಗಳಲ್ಲಿ ವರ್ಷದಿಂದ ವರ್ಷಕ್ಕೆ ಮರುಕಳಿಸುತ್ತದೆ. ಬೆಳ್ಳಿಯ 'ಇಮಾಮಿ' ರೂಪಾಯಿಯಲ್ಲೂ ಇದೆ, ಆನೆಯ ಚಿತ್ರವಿರುವ ತಾಮ್ರದ 'ಜೊಹ್ರಾ' ಪೈಸೆಯಲ್ಲೂ ಇದೆ. ಇಷ್ಟು ಕಡೆ ಒಂದೇ ರೀತಿಯಲ್ಲಿ ಬರುವುದು ಅಕಸ್ಮಾತ್ ಆಗಲಾರದು. 1921ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಹೆಂಡರ್ಸನ್ ಅವರ ಗ್ರಂಥದಲ್ಲಿ ಹೈದರ್ ಮತ್ತು ಟಿಪ್ಪು ಇಬ್ಬರ ನಾಣ್ಯಗಳ ವಿವರಗಳನ್ನೂ ಒಟ್ಟಿಗೆ ನೋಡಬಹುದು.

ಆಫಾನ ನಾಣ್ಯ ಮತ್ತು ಟಿಪ್ಪುವಿನ ನಾಣ್ಯ, ಎರಡೂ ಮೊದಲ ನೋಟಕ್ಕೆ ತಲೆಕೆಳಗೇ. ಒಂದರಲ್ಲಿ ಕೆತ್ತಿದವನಿಗೆ ಲಿಪಿ ತಿಳಿದಿರಲಿಲ್ಲ. ಇನ್ನೊಂದರಲ್ಲಿ ಕೆತ್ತಿದವನಿಗೆ ಎಲ್ಲವೂ ತಿಳಿದಿತ್ತು, ನೋಡುವ ನಮಗೆ ತಿಳಿದಿಲ್ಲ. ಇವೆರಡರ ವ್ಯತ್ಯಾಸವನ್ನು ಗುರುತಿಸಲು ಬೇಕಾದದ್ದು ಭಾಷೆಯ ಜ್ಞಾನ, ಲೋಹದ ಜ್ಞಾನ, ಮತ್ತು ಒಂದನ್ನು ಹತ್ತರೊಂದಿಗೆ ಹೋಲಿಸಿ ನೋಡುವ ತಾಳ್ಮೆ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಪೆಟ್ಟಿಗೆಯೊಳಗೆ ಇಂತಹ ನಾಣ್ಯಗಳು ಇರಬಹುದು. ಹೊಳಪು ಬರಲೆಂದು ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಮತ್ತೆ ಬಾರದು. ಒಂದು ಭೂತಗನ್ನಡಿ ಹಿಡಿದು ಕುಳಿತುಕೊಳ್ಳಿ. ಹಿಂದಿನವರು ತಪ್ಪಿದರು ಎಂದು ಹೇಳುವ ಮೊದಲು, ನಾವು ಸರಿಯಾಗಿ ಓದಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ.