ಮಾಸಿದ ಬಟ್ಟೆಗೆ ಮರುಬಣ್ಣ: ಒಂದು ಪೊಟ್ಟಣದ ಹಿಂದಿನ ಇತಿಹಾಸ

ವರ್ಷಗಟ್ಟಲೆ ತೊಟ್ಟ ಕಪ್ಪು ಹತ್ತಿ ಷರ್ಟೊಂದನ್ನು ಗಮನಿಸಿ. ಹೆಗಲು, ಕಾಲರ್ ಮತ್ತು ತೋಳಿನ ಅಂಚು ಬೂದುಬಣ್ಣಕ್ಕೆ ತಿರುಗಿರುತ್ತವೆ. ಜೇಬಿನ ಒಳಮಗ್ಗುಲಲ್ಲಿ, ಹೊಲಿಗೆಯ ಮಡಿಕೆಗಳಲ್ಲಿ ಮೊದಲಿನ ಕಪ್ಪು ಹಾಗೆಯೇ ಉಳಿದಿರುತ್ತದೆ. ಬಿಸಿಲಿನ ಬೆಳಕು ಬಣ್ಣದ ಅಣುಗಳನ್ನು ಒಡೆದಿದೆ. ಪ್ರತಿ ಒಗೆತವೂ ಸ್ವಲ್ಪ ಬಣ್ಣವನ್ನು ಕಳೆದಿದೆ. ತಿಕ್ಕಾಟದಿಂದ ಎದ್ದ ಸಣ್ಣ ನೂಲೆಳೆಗಳು ಬೆಳಕನ್ನು ಚದರಿಸಿ ಬಟ್ಟೆಯನ್ನು ಇನ್ನಷ್ಟು ಮಂಕಾಗಿಸಿವೆ. ಆದರೆ ಬಟ್ಟೆ ಹರಿದಿಲ್ಲ, ನೂಲು ಗಟ್ಟಿಯಾಗಿಯೇ ಇದೆ.

ಇಂತಹ ಷರ್ಟಿಗೆ ಮನೆಯಲ್ಲೇ ಮರುಬಣ್ಣ ಕೊಡಬಹುದು. ಅಂಗಡಿಯಿಂದ ತಂದ ಬಣ್ಣದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಅಡುಗೆ ಉಪ್ಪು ಬೆರೆಸಿ, ಒದ್ದೆ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ಕೈಯಾಡಿಸುತ್ತಿದ್ದರೆ ಸುಮಾರು ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇಷ್ಟು ಸರಳವಾದ ಈ ವಿಧಾನದ ವಯಸ್ಸು ಒಂದೂವರೆ ಶತಮಾನಕ್ಕೂ ಕಡಿಮೆ. ಅದು ಹೇಗೆ ಬಂತು? ಅದಕ್ಕೆ ಬೆಲೆ ತೆತ್ತವರು ಯಾರು?

ಹತ್ತಿಯ ಹಟ

ಬಣ್ಣ ಹಾಕುವವರಿಗೆ ಹತ್ತಿ ಸುಲಭದ ನಾರಲ್ಲ. ಉಣ್ಣೆ ಮತ್ತು ರೇಷ್ಮೆ ಪ್ರೋಟೀನುಗಳು. ಅವುಗಳ ಅಣುಗಳಲ್ಲಿ ಆಮ್ಲೀಯ ಗುಂಪುಗಳೂ ಪ್ರತ್ಯಾಮ್ಲೀಯ ಗುಂಪುಗಳೂ ಇರುವುದರಿಂದ ಅನೇಕ ಬಣ್ಣಗಳು ಅವಕ್ಕೆ ನೇರವಾಗಿ ಅಂಟಿಕೊಳ್ಳುತ್ತವೆ. ಹತ್ತಿಯಾದರೋ ಸೆಲ್ಯುಲೋಸ್. ಅದರಲ್ಲಿ ಅಂತಹ ಗುಂಪುಗಳಿಲ್ಲ. ಹತ್ತಿಗೆ ತಾನಾಗಿ ಹಿಡಿಯುವ ಸಸ್ಯಬಣ್ಣಗಳು ಕೆಲವೇ. ಅರಿಸಿನ ಅವುಗಳಲ್ಲೊಂದು. ಆದರೆ ಬಿಸಿಲಿಗೆ ಅದು ಎಷ್ಟು ಬೇಗ ಮಾಸುತ್ತದೆಂಬುದು ಎಲ್ಲರಿಗೂ ಗೊತ್ತು.

ಈ ತೊಡಕನ್ನು ಭಾರತದ ಬಣ್ಣಗಾರರು ಬಹು ಹಿಂದೆಯೇ ಬಿಡಿಸಿಕೊಂಡಿದ್ದರು. ಮೊಹೆಂಜೊದಾರೊದಲ್ಲಿ ದೊರೆತ ಹತ್ತಿ ಬಟ್ಟೆಯ ತುಣುಕಿನಲ್ಲಿ ಮಂಜಿಷ್ಠದ ಜಾತಿಯ ಕೆಂಪು ಬಣ್ಣ ಕಂಡುಬಂದಿದೆ. ಅಳಲೆಕಾಯಿಯ ಟ್ಯಾನಿನ್ ಮತ್ತು ಪಟಿಕವನ್ನು ಮೊದಲು ಬಟ್ಟೆಗೆ ಹಿಡಿಸಿದರೆ, ಪಟಿಕದ ಅಲ್ಯುಮಿನಿಯಮ್ ಒಂದು ಕಡೆ ನಾರನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಇಂತಹ ಪದಾರ್ಥವೇ ವರ್ಣಬಂಧಕ. ನೀಲಿಯ ದಾರಿ ಬೇರೆ: ನೀರಿನಲ್ಲಿ ಕರಗದ ನೀಲಿಯನ್ನು ಹುದುಗಿಸಿ ಕರಗುವಂತೆ ಮಾಡಿ, ಬಟ್ಟೆಗೆ ಹಿಡಿಸಿ, ಗಾಳಿಯಲ್ಲಿ ಮತ್ತೆ ಕರಗದಂತೆ ಮಾಡಬೇಕು. ಎರಡೂ ವಿಧಾನಗಳಿಗೆ ದಿನಗಟ್ಟಲೆ ಸಮಯ, ಪಳಗಿದ ಕೈ ಎರಡೂ ಬೇಕು.

1856ರಲ್ಲಿ ಲಂಡನ್ನಿನ 18 ವರ್ಷದ ವಿದ್ಯಾರ್ಥಿ ವಿಲಿಯಂ ಹೆನ್ರಿ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟು, ಆಕಸ್ಮಿಕವಾಗಿ ಮಾವ್ ಎಂಬ ನೇರಳೆ ಬಣ್ಣವನ್ನು ಪಡೆದ ಕಥೆ ನಮ್ಮ ಓದುಗರಿಗೆ ಪರಿಚಿತ. ಕೃತಕ ಬಣ್ಣಗಳ ಯುಗ ಅಲ್ಲಿಂದ ಆರಂಭವಾಯಿತು. ಆದರೆ ಮಾವ್ ಕೂಡ ರೇಷ್ಮೆಗೆ ಸಲೀಸಾಗಿ ಹಿಡಿಯಿತೇ ಹೊರತು ಹತ್ತಿಗೆ ಹಿಡಿಯಲಿಲ್ಲ. ಹತ್ತಿಗೆ ಮೊದಲು ಟ್ಯಾನಿನ್ ಹಿಡಿಸುವ ಕ್ರಮವನ್ನು ಪರ್ಕಿನ್ ಕಂಡುಕೊಳ್ಳಬೇಕಾಯಿತು. ಬಣ್ಣ ಪ್ರಯೋಗಾಲಯದಲ್ಲಿ ಹುಟ್ಟಿದರೂ ಹತ್ತಿಯ ಹಟ ಮುರಿಯಲಿಲ್ಲ.

ಕಾಂಗೋ ಕೆಂಪು

ಆ ಹಟ ಮುರಿದದ್ದು 1884ರಲ್ಲಿ. ಜರ್ಮನಿಯ ಬಾಯರ್ ಕಂಪನಿಯಲ್ಲಿದ್ದ ಪಾಲ್ ಬಾಟಿಗರ್ ಎಂಬ ರಸಾಯನವಿಜ್ಞಾನಿ ಬೆಂಜಿಡೀನ್ ಎಂಬ ಸಂಯುಕ್ತದಿಂದ ಒಂದು ಕೆಂಪು ಬಣ್ಣ ತಯಾರಿಸಿದ. ವರ್ಣಬಂಧಕದ ನೆರವಿಲ್ಲದೆ ಅದು ಹತ್ತಿಗೆ ನೇರವಾಗಿ ಅಂಟಿತು. ಅವನು ತನ್ನ ಹೆಸರಿನಲ್ಲೇ ಪೇಟೆಂಟ್ ಪಡೆದು ಅದನ್ನು ಬರ್ಲಿನ್ನಿನ ಆಗ್ಫಾ ಕಂಪನಿಗೆ ಮಾರಿದ. ಆಫ್ರಿಕದ ಕಾಂಗೋ ಪ್ರದೇಶದ ಕುರಿತು ಯೂರೋಪಿನ ರಾಷ್ಟ್ರಗಳ ಸಮ್ಮೇಳನ 1884-85ರಲ್ಲಿ ಬರ್ಲಿನ್ನಿನಲ್ಲೇ ನಡೆದಿತ್ತು. ಎಲ್ಲರ ಬಾಯಲ್ಲಿದ್ದ ಆ ಹೆಸರನ್ನೇ ಕಂಪನಿ ಬಣ್ಣಕ್ಕೂ ಇಟ್ಟಿತು: ಕಾಂಗೋ ಕೆಂಪು. ಆಫ್ರಿಕಕ್ಕೂ ಅದಕ್ಕೂ ಬೇರೆ ಸಂಬಂಧವಿಲ್ಲ.

ಇದರ ಗುಟ್ಟು ಬೆಂಜಿಡೀನಿನ ರಚನೆಯಲ್ಲಿತ್ತು. ಬೆಂಜಿಡೀನ್ ಅಣುವಿನ ಎರಡು ತುದಿಗಳಲ್ಲೂ ಒಂದೊಂದು ಅಮೀನೊ ಗುಂಪಿದೆ. ಆದ್ದರಿಂದ ಎರಡೂ ಕಡೆ ಅಜೋ ಬಂಧದ ಮೂಲಕ ಬಣ್ಣದ ಭಾಗಗಳನ್ನು ಜೋಡಿಸಬಹುದು. ಆಗ ಉದ್ದವಾದ, ಚಪ್ಪಟೆಯಾದ ಅಣು ಸಿಗುತ್ತದೆ. ಅದು ಸೆಲ್ಯುಲೋಸಿನ ಉದ್ದನೆಯ ಸರಪಳಿಯ ಪಕ್ಕದಲ್ಲಿ ಒತ್ತಿ ಮಲಗುತ್ತದೆ. ಹೈಡ್ರೊಜನ್ ಬಂಧಗಳು ಮತ್ತು ಅಣುಗಳ ನಡುವಿನ ದುರ್ಬಲ ಆಕರ್ಷಣೆಗಳು ಒಟ್ಟುಗೂಡಿ ಅದನ್ನು ಹಿಡಿದಿಡುತ್ತವೆ.

ಉಪ್ಪು ಏಕೆ? ನೀರಿನಲ್ಲಿ ನೆನೆದ ಹತ್ತಿಯ ಮೇಲ್ಮೈಯಲ್ಲಿ ಅಲ್ಪ ಋಣ ವಿದ್ಯುದಂಶವಿರುತ್ತದೆ. ನೀರಿನಲ್ಲಿ ಕರಗಿದ ಬಣ್ಣದ ಅಣುಗಳಿಗೂ ಋಣ ವಿದ್ಯುದಂಶವೇ. ಎರಡೂ ಪರಸ್ಪರ ವಿಕರ್ಷಿಸುತ್ತವೆ. ಉಪ್ಪಿನ ಸೋಡಿಯಮ್ ಅಯಾನುಗಳು ಈ ವಿಕರ್ಷಣೆಯನ್ನು ತಗ್ಗಿಸಿ, ಬಣ್ಣವನ್ನು ನಾರಿನ ಸಮೀಪಕ್ಕೆ ಬರಗೊಡುತ್ತವೆ. ಬಿಸಿ ನೀರು ನಾರಿನೊಳಕ್ಕೆ ಬಣ್ಣ ಬೇಗ ಇಳಿಯುವಂತೆ ಮಾಡುತ್ತದೆ.

ಹೀಗೆ ಬಣ್ಣಗಾರನ ವಿದ್ಯೆ ಒಂದು ಪೊಟ್ಟಣದೊಳಗೆ ಸೇರಿತು. 1880ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ ತಯಾರಾಗುತ್ತಿದ್ದ ಡೈಮಂಡ್ ಡೈಸ್ ಪೊಟ್ಟಣಗಳು ಮನೆಮನೆಗೆ ತಲುಪಿದವು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಬಣ್ಣಗಳು ನಿಂತುಹೋದಾಗ ಷಿಕಾಗೋ ನಗರದಲ್ಲಿ ರಿಟ್ ಎಂಬ ಬಣ್ಣ ಬಂತು. ಹತ್ತಿಗೆ ಹಿಡಿಯುವ ಬಣ್ಣ, ಉಣ್ಣೆಗೆ ಹಿಡಿಯುವ ಬಣ್ಣ ಎರಡನ್ನೂ ಬೆರೆಸಿದರೆ ಒಂದೇ ಪೊಟ್ಟಣ ಎಲ್ಲಕ್ಕೂ ಸಾಲುತ್ತದೆ ಎಂಬುದು ಇಂತಹ ಬಣ್ಣಗಳ ತತ್ತ್ವ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ 1941ರ ಜೂನ್ 1ರಂದು ಬಟ್ಟೆಗೂ ಪಡಿತರ ತಂದಿತು. ಅದು 1949ರವರೆಗೆ ಮುಂದುವರಿಯಿತು. ಹೊಸ ಬಟ್ಟೆಗೆ ಕೂಪನ್ ಬೇಕಾಗಿದ್ದ ಆ ಕಾಲದಲ್ಲಿ ಹಳೆಯದನ್ನು ಹೊಲಿದು, ತಿದ್ದಿ ತೊಡುವುದು ಸಂಸಾರದ ಅಗತ್ಯವಾಗಿತ್ತು.

ಬೆಲೆ ತೆತ್ತವರು

ಇದೇ ಇತಿಹಾಸಕ್ಕೆ ಇನ್ನೊಂದು ಮಗ್ಗುಲಿದೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್‌ವಿಗ್ ರೆನ್ ಒಂದು ವರದಿ ನೀಡಿದ. ಫುಕ್ಸಿನ್ ಬಣ್ಣ ತಯಾರಿಸುತ್ತಿದ್ದ 45 ಕಾರ್ಮಿಕರಲ್ಲಿ ಮೂವರಿಗೆ ಮೂತ್ರಕೋಶದ ಗಂತಿ ಕಾಣಿಸಿಕೊಂಡಿತ್ತು. ಅವನ ಸಂಶಯ ಅನಿಲೀನಿನ ಮೇಲಿತ್ತು. ಮುಂದೆ ಪುರಾವೆಗಳು ಸೇರುತ್ತ ಹೋದಂತೆ ಸಂಶಯದ ದಿಕ್ಕು ಬದಲಾಯಿತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರದಿ ಬೆಂಜಿಡೀನ್ ಮತ್ತು ಬೀಟಾ-ನ್ಯಾಫ್ತೈಲಮೀನ್‌ಗಳತ್ತ ಬೆರಳು ಮಾಡಿತು. ಬ್ರಿಟನ್ನಿನ ಬಣ್ಣದ ಕಾರ್ಖಾನೆಗಳ ಕಾರ್ಮಿಕರನ್ನು ಕುರಿತು ಕೇಸ್ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಅನುಮಾನಕ್ಕೆ ಎಡೆಯಿರಲಿಲ್ಲ. ಬಣ್ಣಕ್ಕೆ ಬೇಕಾದ ಉದ್ದನೆಯ ಅಣುವನ್ನು ಕೊಟ್ಟ ಬೆಂಜಿಡೀನ್ ಅದನ್ನು ತಯಾರಿಸುವವರ ಮೂತ್ರಕೋಶದಲ್ಲಿ ಕ್ಯಾನ್ಸರ್ ತರುತ್ತಿತ್ತು. ರೋಗ ಹತ್ತಾರು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತಿದ್ದುದರಿಂದ ಕಾರಣ ಬಹುಕಾಲ ಮರೆಯಲ್ಲೇ ಉಳಿದಿತ್ತು.

ತಯಾರಾದ ಬಣ್ಣ ನಿರಪಾಯ ಎಂಬ ನಂಬಿಕೆಯೂ ಉಳಿಯಲಿಲ್ಲ. ಜಪಾನಿನ ಕ್ಯೋಟೊದಲ್ಲಿ ರೇಷ್ಮೆ ಕಿಮೋನೊಗಳಿಗೆ ಚಿತ್ರ ಬರೆಯುವ ಕುಶಲಕರ್ಮಿಗಳು ಕುಂಚದ ತುದಿಯನ್ನು ಬಾಯಿಂದ ಚೂಪು ಮಾಡುತ್ತಿದ್ದರು. ಅವರಲ್ಲೂ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿರುವುದು 1970ರ ದಶಕದ ಆರಂಭದಲ್ಲಿ ತಿಳಿದುಬಂತು. ಹೊಟ್ಟೆಗೆ ಹೋದ ಅಜೋ ಬಣ್ಣದ ಬಂಧವನ್ನು ಕರುಳಿನ ಬ್ಯಾಕ್ಟೀರಿಯಾಗಳು ಮುರಿಯುತ್ತವೆ. ಒಳಗಿದ್ದ ಬೆಂಜಿಡೀನ್ ಮತ್ತೆ ಹೊರಬರುತ್ತದೆ. ಕಪ್ಪು, ನೀಲಿ ಮತ್ತು ಕಂದು ಬಣ್ಣಗಳಾಗಿ ಬಳಕೆಯಲ್ಲಿದ್ದ ಬೆಂಜಿಡೀನ್ ಮೂಲದ ಮೂರು ನೇರ ಬಣ್ಣಗಳನ್ನು ಇಲಿಗಳಿಗೆ ತಿನ್ನಿಸಿದಾಗ 13 ವಾರಗಳೊಳಗೇ ಯಕೃತ್ತಿನಲ್ಲಿ ಗಂತಿಗಳು ಕಾಣಿಸಿದವೆಂದು 1978ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವರದಿ ಮಾಡಿತು.

1994ರಲ್ಲಿ ಜರ್ಮನಿ ಇಂತಹ ಅಜೋ ಬಣ್ಣಗಳನ್ನು ಮೈಗೆ ತಾಗುವ ಬಟ್ಟೆಗಳಲ್ಲಿ ಬಳಸದಂತೆ ಕಾನೂನು ಮಾಡಿತು. ಭಾರತದಿಂದ ಬಟ್ಟೆ ರಫ್ತು ಮಾಡುವವರಿಗೂ ಅದರ ಬಿಸಿ ತಟ್ಟಿತು. ಬೆಂಜಿಡೀನ್ ಮೂಲದ ಬಣ್ಣಗಳ ಮೇಲಿನ ನಿಷೇಧದ ಜೊತೆಗೆ, 1997ರ ಅಧಿಸೂಚನೆಯಲ್ಲಿ ಭಾರತ ಸರ್ಕಾರ ಇನ್ನೂ 70 ಅಜೋ ಬಣ್ಣಗಳ ಬಳಕೆಯನ್ನು ನಿಷೇಧಿಸಿತು.

ಗಟ್ಟಿಯಾದ ಬಂಧ

ಇಷ್ಟರಲ್ಲಿ ಬೇರೊಂದು ದಾರಿಯೂ ತೆರೆದಿತ್ತು. ಬ್ರಿಟನ್ನಿನ ಐಸಿಐ ಕಂಪನಿಯ ರಾಟಿ ಮತ್ತು ಸ್ಟೀಫನ್ ಎಂಬ ಇಬ್ಬರು ಸೆಲ್ಯುಲೋಸಿನೊಡನೆ ಸಹವೇಲೆನ್ಸೀಯ ಬಂಧವನ್ನೇ ಏರ್ಪಡಿಸುವ ಬಣ್ಣಗಳನ್ನು ರೂಪಿಸಿದರು. ಮಾವ್‌ಗೆ ನೂರು ತುಂಬಿದ 1956ರಲ್ಲಿ ಅವು ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಇವಕ್ಕೆ ಕುದಿಯುವ ನೀರು ಬೇಡ. ಉಪ್ಪು ಮತ್ತು ವಾಷಿಂಗ್ ಸೋಡ ಸಾಕು. ನೇರ ಬಣ್ಣಗಳು ಹಲವು ಒಗೆತಗಳಲ್ಲಿ ನಿಧಾನವಾಗಿ ಬಿಡುತ್ತವೆ; ಇವು ಬಟ್ಟೆಯ ಅಣುವಿನ ಭಾಗವೇ ಆಗಿ ಉಳಿಯುತ್ತವೆ. ಆದರೆ ಇವುಗಳ ಪುಡಿ ಉಸಿರಿನೊಡನೆ ಒಳಹೋದರೆ ಕೆಲವರಿಗೆ ಅಲರ್ಜಿ ಉಂಟಾಗಬಹುದು.

ಮನೆಯಲ್ಲಿ ಪ್ರಯೋಗ ಮಾಡುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಈ ಬಣ್ಣಗಳು ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ; ಮಿಶ್ರ ಬಟ್ಟೆಯಲ್ಲಿ ಹತ್ತಿಯ ಪಾಲಿಗಷ್ಟೇ ಬಣ್ಣ ಬರುತ್ತದೆ, ಹೊಲಿಗೆಯ ಪಾಲಿಯೆಸ್ಟರ್ ದಾರ ಹಳೆಯ ಬಣ್ಣದಲ್ಲೇ ಉಳಿಯುತ್ತದೆ. ಕೈಗವಸು ತೊಡಬೇಕು. ಪುಡಿ ಗಾಳಿಗೆ ಹಾರದಂತೆ ನೋಡಿಕೊಳ್ಳಬೇಕು. ಅಡುಗೆಯ ಪಾತ್ರೆಯನ್ನು ಬಳಸಬಾರದು. ತಯಾರಕರ ಹೆಸರು, ಬಣ್ಣದ ವಿವರ ಇಲ್ಲದ ಬಿಡಿ ಪುಡಿಯನ್ನು ಕೊಳ್ಳಬಾರದು.

ಉಪಾಧ್ಯಾಯರಿಗೆ ಇನ್ನೊಂದು ಮಾತು. ಕಾಂಗೋ ಕೆಂಪು ಆಮ್ಲದಲ್ಲಿ ನೀಲಿಯಾಗುವುದರಿಂದ ಅದನ್ನು ಸೂಚಕವಾಗಿ ಬಳಸುವ ರೂಢಿಯಿದೆ. ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಹಳೆಯ ಬಾಟಲಿಯೊಂದು ಇದ್ದರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಬಣ್ಣದ ಬದಲಾವಣೆ ತೋರಿಸಲು ದಾಸವಾಳದ ರಸ ಸಾಕು. ಬಾಟಲಿಯನ್ನು ದೂರದಿಂದಲೇ ತೋರಿಸಿ, ಅದರ ಹಿಂದಿರುವ ಕಾರ್ಮಿಕರ ಕಥೆಯನ್ನು ಹೇಳಿ. ರಚನಾಸೂತ್ರದ ಜೊತೆಗೆ ಅದೂ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.